ಆರು ಹಂಗಾಮುಗಳ ನಂತರ ಆರ್‌ಎಸ್ ಏರೋ: ಚೆಲುವಿಗಿಂತ ಮೊದಲು ತೂಕ

ಇಂಗ್ಲೆಂಡಿನ ಮಧ್ಯಭಾಗದ ಒಂದು ಜಲಾಶಯದಲ್ಲಿ ಹದಿನೇಳು ವರ್ಷಗಳಿಂದ ನಾನು ಒಬ್ಬರೇ ನಡೆಸುವ ಹಾಯಿದೋಣಿಗಳನ್ನು ಬಳಸುತ್ತಿದ್ದೇನೆ. ಮೊದಲ ಹತ್ತು ವರ್ಷ ಲೇಸರ್ ಎಂಬ ದೋಣಿ ಇತ್ತು. ಆಮೇಲೆ ಒಂದು ಹಂಗಾಮು ಹೊಸ ವಿನ್ಯಾಸದ ಮತ್ತೊಂದು ದೋಣಿ ಇತ್ತು; ಅದರ ಹೆಸರು ಇಲ್ಲಿ ಬೇಡ. ಕಳೆದ ಆರು ಹಂಗಾಮುಗಳಿಂದ ಆರ್‌ಎಸ್ ಏರೋ ನನ್ನ ಬಳಿಯಿದೆ. ಹೊಸ ದೋಣಿ ಕೊಳ್ಳಲು ಹೊರಟವರು ಪ್ರದರ್ಶನದಲ್ಲಿ ಅದರ ಮೂತಿಯನ್ನೂ ಕಪ್ಪು ಹಾಯಿಕಂಬವನ್ನೂ ನೋಡಿ ಮನಸೋಲುವುದು ಸಹಜ, ನಾನೂ ಸೋತಿದ್ದೆ. ಆದ್ದರಿಂದ ಈ ವಿಮರ್ಶೆಯಲ್ಲಿ ವೇಗದ ವಿಷಯಕ್ಕಿಂತ ಹೆಚ್ಚಾಗಿ, ದೋಣಿಯ ಯಾವ ಅಂದ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಬರೆಯುತ್ತೇನೆ.

ಲೇಸರ್ ಹುಟ್ಟಿದ ಬಗೆಯನ್ನು ನೆನೆದರೆ ಈ ಪ್ರಶ್ನೆ ತಿಳಿಯಾಗುತ್ತದೆ. 1969ರಲ್ಲಿ ದೋಣಿ ತಯಾರಕ ಇಯಾನ್ ಬ್ರೂಸ್ ಅವರು ವಿನ್ಯಾಸಕಾರ ಬ್ರೂಸ್ ಕಿರ್ಬಿ ಅವರನ್ನು ಕೇಳಿದ್ದು ಕಾರಿನ ಮೇಲೆ ಹೇರಿಕೊಂಡು ಹೋಗಬಹುದಾದ ಒಂದು ದೋಣಿಯನ್ನು. ಫೋನಿನಲ್ಲಿ ಮಾತನಾಡುತ್ತಲೇ ಕಿರ್ಬಿ ಗೀಚಿದ ಚಿತ್ರ 1971ರಲ್ಲಿ ನ್ಯೂಯಾರ್ಕ್ ಪ್ರದರ್ಶನಕ್ಕೆ ಬಂತು. 1996ರ ಅಟ್ಲಾಂಟಾ ಕೂಟದಿಂದ ಇಂದಿನವರೆಗೆ ಒಲಿಂಪಿಕ್ಸ್‌ನಲ್ಲಿ ಅದೇ ದೋಣಿಯಿದೆ, ಹೆಸರು ಮಾತ್ರ 2019ರಲ್ಲಿ ಐಎಲ್‌ಸಿಎ ಎಂದಾಯಿತು. ಇಂದಿಗೂ ಹಳತೆನಿಸದ ಆ ತಗ್ಗಾದ, ನೇರವಾದ ರೂಪ ಬಂದದ್ದು ಸಾಗಣೆಯ ಅಗತ್ಯದಿಂದ. ಆದರೆ ಅದರ ಒಡಲಿನ ತೂಕ ಸುಮಾರು 59 ಕಿಲೋ. ಮೊದಲ ವರ್ಷಗಳಲ್ಲಿ ನನಗೆ ಅದು ತೂಕವೆಂದೇ ಅನಿಸಿರಲಿಲ್ಲ. ಐವತ್ತು ದಾಟುವ ಹೊತ್ತಿಗೆ, ನವೆಂಬರಿನ ಸಂಜೆ ಇಳಿಜಾರಿನ ಪಾಚಿಯ ಮೇಲೆ ಟ್ರಾಲಿಯನ್ನು ಒಬ್ಬನೇ ಎಳೆದು ಮೇಲೆ ತರುವುದಿದೆಯಲ್ಲ ಎಂಬ ಯೋಚನೆಯಿಂದಲೇ ಎಷ್ಟೋ ಶನಿವಾರ ಮನೆಯಲ್ಲಿ ಉಳಿದುಬಿಟ್ಟೆ. ಒಬ್ಬರೇ ನಡೆಸುವ ದೋಣಿಯನ್ನು ದಡದಲ್ಲಿಯೂ ಒಬ್ಬರೇ ನಿಭಾಯಿಸಬೇಕಾಗುತ್ತದೆ ಎಂಬುದು ನನಗೆ ಮನವರಿಕೆಯಾಗಲು ಅಷ್ಟು ವರ್ಷ ಹಿಡಿಯಿತು.

ಲೇಸರ್ ಮಾರಿ ಕೊಂಡ ಆ ಹೆಸರಿಲ್ಲದ ದೋಣಿ ನೋಡಲು ತುಂಬ ಚೆಂದವಿತ್ತು. ಮೂತಿ ಕೆಳಗಿನಿಂದ ಮೇಲಕ್ಕೆ ಹಿಂದೆ ವಾಲಿತ್ತು, ಪಕ್ಕಗಳು ಎತ್ತರವಾಗಿ ಮಡಿಕೆಯಂತೆ ಚೂಪಾಗಿದ್ದವು. ಉದ್ದವಾದ, ಸಪೂರವಾದ ಎರಡು ಒಡಲುಗಳ ಜೋಡಿದೋಣಿಗಳಲ್ಲಿ ಇಂಥ ಮೂತಿ ಅಲೆಯನ್ನು ಸೀಳಿ ಏರಿಳಿತವನ್ನು ಕಡಿಮೆ ಮಾಡುತ್ತದೆ. ಆದರೆ ನಾಲ್ಕು ಮೀಟರಿನ ದೋಣಿಯಲ್ಲಿ ನಡೆಸುವವನ ಮೈಭಾರವೇ ದೋಣಿಯ ಭಾರಕ್ಕಿಂತ ಹೆಚ್ಚಾಗಿರುವಾಗ, ಮೂತಿ ನೀರಿಗಿಳಿದರೆ ಅದನ್ನು ಮತ್ತೆ ಎತ್ತಿಹಿಡಿಯುವ ಅಗಲ ಮೇಲ್ಭಾಗದಲ್ಲಿ ಇರಬೇಕು. ಹಿಂಗಾಳಿಯಲ್ಲಿ ಎರಡು ಸಲ ನನ್ನ ದೋಣಿ ಮೂತಿಯನ್ನು ನೀರಿಗೆ ಹೂತು ಮಗುಚಿತು. ಎತ್ತರದ ಪಕ್ಕಗಳಲ್ಲಿ ತುಂಬಿದ್ದ ಗಾಳಿಯಿಂದಾಗಿ ಅದು ಮಗುಚಿದಾಗಲೂ ನೀರಿನ ಮೇಲೆ ಎತ್ತರವಾಗಿಯೇ ತೇಲುತ್ತಿತ್ತು. ಮಗುಚಿದ ದೋಣಿಯನ್ನು ಎತ್ತಲು ಹಿಡಿಯಬೇಕಾದ, ತಳದಿಂದ ಹೊರಚಾಚುವ ಡ್ಯಾಗರ್‌ಬೋರ್ಡ್ ಎಂಬ ಹಲಗೆ ನನ್ನ ಕೈಗೆ ಎಟುಕಲಿಲ್ಲ, ನಾನು ಈಜುವುದಕ್ಕಿಂತ ಬೇಗ ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಯಿತು. ಎರಡನೆಯ ಸಲ ರಕ್ಷಣಾ ದೋಣಿ ಬಂದು ನನ್ನನ್ನು ಎತ್ತಿಕೊಳ್ಳಬೇಕಾಯಿತು. ಕೊಳ್ಳುವ ಮುನ್ನ ಒಮ್ಮೆಯಾದರೂ ದೋಣಿಯನ್ನು ನೀವೇ ಮಗುಚಿ, ನೀವೇ ಎತ್ತಿ ನೋಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಆ ದಿನದ ಕಾರಣದಿಂದ.

ಜೋ ರಿಚರ್ಡ್ಸ್ ವಿನ್ಯಾಸ ಮಾಡಿದ ಏರೋ 2014ರಲ್ಲಿ ಮಾರುಕಟ್ಟೆಗೆ ಬಂತು. ಉದ್ದ 4 ಮೀಟರ್, ಅಗಲ 1.4 ಮೀಟರ್, ಒಡಲಿನ ತೂಕ ಸುಮಾರು 30 ಕಿಲೋ. ಈ ಕೊನೆಯ ಅಂಕಿಯೇ ನನ್ನ ಮಟ್ಟಿಗೆ ಇಡೀ ದೋಣಿ. ಹಿಂದೆ ಮನೆಯಲ್ಲಿ ಕಳೆದ ಶನಿವಾರಗಳು ಈಗ ನೀರಿನ ಮೇಲೆ ಕಳೆಯುತ್ತಿವೆ, ಚಳಿಗಾಲದಲ್ಲಿ ಕೂಡ. ಹಗುರವಾದ ಒಡಲು ಗಾಳಿಯ ಸಣ್ಣ ಹೊಡೆತಕ್ಕೂ ಕೂಡಲೇ ಮುಂದಕ್ಕೆ ಜಿಗಿಯುತ್ತದೆ. ಭಾರದ ದೋಣಿ ಹೊಡೆತವನ್ನು ವಾಲುತ್ತ ತಾಳಿಕೊಳ್ಳುವಲ್ಲಿ ಇದು ಅದೇ ಶಕ್ತಿಯನ್ನು ಓಟವಾಗಿಸಿಕೊಳ್ಳುತ್ತದೆ. ಇದರಿಂದ ಬೆನ್ನಿಗೂ ತೊಡೆಗೂ ಎಷ್ಟು ಆರಾಮವೆಂಬುದು ಅಂಚಿನ ಮೇಲೆ ಕುಳಿತು ಗಂಟೆಗಟ್ಟಲೆ ಹೊರಗೆ ಬಾಗಿದವರಿಗೆ ಗೊತ್ತು.

ಹಗುರಕ್ಕೂ ಅದರದೇ ಬೆಲೆಯಿದೆ, ಇದು ಯಾವ ಹಗುರ ದೋಣಿಗೂ ಸಲ್ಲುವ ಮಾತು. ತಿರುವಿನ ನಡುವೆ ನಾನು ತಡವರಿಸಿದರೆ, ಭಾರದ ದೋಣಿ ತನ್ನ ವೇಗದ ಬಲದಿಂದಲೇ ದಾಟುವ ಕಡೆ ಇದು ನಿಂತುಬಿಡುತ್ತದೆ. ಒಡಲೊಳಗೆ ನಿಂತು ಹಗ್ಗ ಬಿಡಿಸುವ ಅಭ್ಯಾಸವನ್ನು ಬಿಡಬೇಕಾಯಿತು. ದಡದಲ್ಲಿ ಗಾಳಿಗೆ ಹಾರದಂತೆ ಪ್ರತಿ ಸಲ ನೆಲಕ್ಕೆ ಕಟ್ಟಬೇಕು. ಕಲ್ಲಿನ ದಡಕ್ಕೆ ಉಜ್ಜುವುದಂತೂ ಕೂಡದು. ಎರಡನೆಯ ವರ್ಷ ನನ್ನ ಅವಸರದಿಂದಲೇ ತಳಕ್ಕೆ ಏಟು ಬಿದ್ದಾಗ, ತೆಳುವಾದ ಹೊದಿಕೆಯ ದುರಸ್ತಿ ಗಟ್ಟಿ ಫೈಬರ್‌ಗ್ಲಾಸಿನ ಹಳೆಯ ದೋಣಿಯಷ್ಟು ಸುಲಭವಲ್ಲವೆಂದು ತಿಳಿಯಿತು.

ಹಾಯಿಯ ವಿಷಯದಲ್ಲಿ ಅಂದ ಮತ್ತು ಉಪಯೋಗ ಕೂಡಿಯೇ ಬಂದಿವೆ. ಬಾಗುವ ಕಾರ್ಬನ್ ಕಂಬವನ್ನು ಜನ ನೋಟಕ್ಕಾಗಿ ಮೆಚ್ಚುತ್ತಾರೆ. ಜೋರು ಗಾಳಿಯಲ್ಲಿ ಅದರ ತುದಿ ತಾನಾಗಿಯೇ ಬಾಗಿ ಹಾಯಿಯ ಮೇಲ್ಭಾಗವನ್ನು ಸಡಿಲಿಸುವುದರಿಂದ ನನ್ನ 68 ಕಿಲೋ ಮೈಗೆ ಅದು ದೊಡ್ಡ ನೆರವು. 5, 6, 7, 9 ಎಂಬ ಹೆಸರಿನ ನಾಲ್ಕು ಹಾಯಿಗಳು ಸುಮಾರು 5ರಿಂದ 9 ಚದರ ಮೀಟರಿನವರೆಗೆ ಇವೆ. ಕಂಬದ ಕೆಳಭಾಗವನ್ನೂ ಹಾಯಿಯನ್ನೂ ಬದಲಿಸಿಕೊಂಡರೆ ಅದೇ ಒಡಲು ಹದಿಹರೆಯದ ನನ್ನ ಮಗಳಿಗೂ ಆಗುತ್ತದೆ. ಲೇಸರಿನಂತೆ ಇದರ ಹಾಯಿಯೂ ಕಂಬಕ್ಕೆ ತೋಳಿನಂತೆ ತೊಡಿಸುವಂಥದ್ದು, ನೀರಿನ ಮೇಲೆ ಇಳಿಸಲು ಬಾರದು. ಹಾಗಾಗಿ ಯಾವ ಹಾಯಿ ಎಂಬ ತೀರ್ಮಾನ ದಡದಲ್ಲಿಯೇ ಆಗಬೇಕು. ಅನುಮಾನವಿದ್ದ ದಿನ ನಾನು ಚಿಕ್ಕದನ್ನೇ ಏರಿಸುತ್ತೇನೆ.

ಭಾರತದಲ್ಲಿರುವ ಗೆಳೆಯರು ಕೇಳಿದಾಗ ಮಾತ್ರ ನನ್ನ ಉತ್ತರ ಬೇರೆ. ಹೈದರಾಬಾದಿನ ಹುಸೇನ್ ಸಾಗರದಂಥ ಕಡೆ ಜೊತೆಗೆ ಓಡುವ ದೋಣಿಗಳು ಐಎಲ್‌ಸಿಎ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ವಿಷ್ಣು ಸರವಣನ್ ಕಂಚನ್ನೂ ನೇಹಾ ಠಾಕೂರ್ ಬೆಳ್ಳಿಯನ್ನೂ ತಂದದ್ದು ಕ್ರಮವಾಗಿ ಅದೇ ದೋಣಿಯ 7 ಮತ್ತು 4 ಎಂಬ ಹೆಸರಿನ ಹಾಯಿಗಳಲ್ಲಿ. ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿರುವ ದೋಣಿಗೆ ಮುರಿದ ಚುಕ್ಕಾಣಿಯ ಬದಲಿ ಪಕ್ಕದವರ ಬಳಿಯೇ ಸಿಗುವ ಸಂಭವ ಹೆಚ್ಚು. ಬಿಡಿಭಾಗಕ್ಕಾಗಿ ಹಡಗಿನ ದಾರಿ ಕಾಯುವ ಊರಿನಲ್ಲಿ 29 ಕಿಲೋ ಉಳಿತಾಯವಾದರೂ ನಾನು ಐಎಲ್‌ಸಿಎಯನ್ನೇ ಆರಿಸುತ್ತಿದ್ದೆ.

ಇಲ್ಲಿ, ಈ ಜಲಾಶಯದಲ್ಲಿ, ಏರೋ ನನ್ನ ಬಳಿಯೇ ಇರುತ್ತದೆ. ಇಷ್ಟು ದಿನ 7ರ ಹಾಯಿಯಲ್ಲಿ ಓಡಿಸುತ್ತಿದ್ದೆ. ಬರುವ ಮಾರ್ಚಿಗೆ 6ರ ಹಾಯಿ ಮತ್ತು ಅದರ ಕೆಳಕಂಬವನ್ನು ಕೊಳ್ಳುವುದೆಂದು ನಿರ್ಧರಿಸಿದ್ದೇನೆ.