ಲೂರ್‌ಗಳಿಗೆ ಬದಲಿ ಟ್ರೆಬಲ್ ಗಾಳ: ಮಂಡ್ಯದ ಕೆರೆ-ನಾಲೆಗಳಲ್ಲಿ ಮೂರು ವರ್ಷ ಬಳಸಿದ ಮೇಲೆ

ಲೂರ್ ಎಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಟ್ರೆಬಲ್ ಎಂದರೆ ಅದಕ್ಕೆ ಹಾಕುವ ಮೂರು ಮೊನೆಯ ಗಾಳ. ಬಳಸಿದ್ದು: ಓನರ್ ಕಂಪನಿಯ ಎಸ್‌ಟಿ-36 ಮತ್ತು ಎಸ್‌ಟಿ-41, ವಿಎಂಸಿ 9650, ಗಮಕಟ್ಸು ರೌಂಡ್ ಬೆಂಡ್, ಮಸ್ಟಾಡ್ ಕೆವಿಡಿ ಟ್ರಿಪಲ್ ಗ್ರಿಪ್. ಎಲ್ಲವೂ 6 ಮತ್ತು 4 ನಂಬರಿನವು. ಲೂರ್‌ಗಳು 7ರಿಂದ 11 ಸೆಂಟಿಮೀಟರಿನವು. ನೀರು: ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಶಿಂಷಾ ನದಿ, ಪಾಂಡವಪುರ ಮತ್ತು ಮದ್ದೂರು ಕಡೆಯ ಕೆರೆಗಳು. ಮೀನು: ಕೊರವ (ಮರಲ್), ಬಾಳೆ, ಆಗೊಮ್ಮೆ ಈಗೊಮ್ಮೆ ಜಿಲೇಬಿ (ತಿಲಾಪಿಯ).

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬದಲಿ ಗಾಳ ಕೊಳ್ಳುವಾಗ ಮೊದಲು ತೂಕ ನೋಡಿ, ಆಮೇಲೆ ತಂತಿಯ ದಪ್ಪ, ಕೊನೆಗೆ ಚೂಪು. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಮೇಲೆ ಹೇಳಿದ ಯಾವ ಗಾಳವಾದರೂ ಪ್ಯಾಕೆಟ್ಟಿನಿಂದ ತೆಗೆದಾಗ ಬೇಕಾದಷ್ಟು ಚೂಪಾಗಿಯೇ ಇರುತ್ತದೆ. ಚೂಪು ನೋಡಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವಂಥದ್ದು ಏನೂ ಇಲ್ಲ. ತೂಕ ತಪ್ಪಿದರೆ ಮಾತ್ರ ಸಾವಿರ ರೂಪಾಯಿಯ ಲೂರ್ ಮರದ ತುಂಡಿನ ಹಾಗೆ ನೀರಲ್ಲಿ ಎಳೆದುಕೊಂಡು ಬರುತ್ತದೆ.

ಲೂರ್ ಜೊತೆ ಬರುವ ಗಾಳ ಬದಲಿಸಲೇಬೇಕೇ? ನಮ್ಮ ಕಡೆಯ ಮೀನಿಗೆ ಬಹುತೇಕ ಹೌದು. ಈ ಲೂರ್‌ಗಳಲ್ಲಿ ಹೆಚ್ಚಿನವು ಅಮೆರಿಕದ ಬಾಸ್ ಮೀನನ್ನು ಮನಸ್ಸಲ್ಲಿಟ್ಟು ಮಾಡಿದವು. ಬಾಸ್ ದೊಡ್ಡ ಬಾಯಿ ತೆರೆದು ಲೂರನ್ನು ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ. ಅದರ ಬಾಯಂಚಿನ ಚರ್ಮ ತೆಳು, ಸಣ್ಣ ತಂತಿಯ ಗಾಳ ಸುಲಭವಾಗಿ ಇಳಿಯುತ್ತದೆ. ಕೊರವ ಹಾಗಲ್ಲ. ಬಾಯೆಲ್ಲ ಮೂಳೆ, ಹಿಡಿದದ್ದನ್ನು ದವಡೆಯಲ್ಲಿ ಅದುಮಿ ತಲೆ ಒದರುತ್ತದೆ, ಸಿಕ್ಕ ಕೂಡಲೇ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಅದನ್ನು ತಡೆಯಲು ಗಟ್ಟಿ ಕಡ್ಡಿ (ರಾಡ್), ಹಿಗ್ಗದ ಬ್ರೇಡ್ ದಾರ ಬೇಕು. ಹಾಗಾಗಿ ಎಳೆತದ ಭಾರವೆಲ್ಲ ಗಾಳದ ಬಾಗಿನ ಮೇಲೆ ಬೀಳುತ್ತದೆ, ಸಾಧಾರಣ ತಂತಿ ಬಿಚ್ಚಿಕೊಳ್ಳುತ್ತದೆ. ಮೀನು ತಪ್ಪಿದಾಗಲೆಲ್ಲ ಮೂರೂ ಮೊನೆಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ. ಒಂದು ಮೊನೆ ಮಿಕ್ಕೆರಡಕ್ಕಿಂತ ಹೊರಕ್ಕೆ ವಾಲಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಬಿಚ್ಚಿದ್ದನ್ನು ಇಕ್ಕಳದಲ್ಲಿ ಒತ್ತಿ ಸರಿಮಾಡಬೇಡಿ. ಒಮ್ಮೆ ಮಣಿದ ಉಕ್ಕು ಮುಂದಿನ ಸಲ ಇನ್ನೂ ಬೇಗ ಮಣಿಯುತ್ತದೆ, ಇಲ್ಲವೇ ಪಟ್ಟನೆ ಮುರಿಯುತ್ತದೆ.

ನಂಬರಿನ ಲೆಕ್ಕ ಹೊಸಬರಿಗೆ ಗೊಂದಲ ಹುಟ್ಟಿಸುತ್ತದೆ. 8, 6, 4, 2 ಎಂದು ಅಂಕಿ ಇಳಿದಂತೆ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0 ಎಂದು ಅಂಕಿ ಏರಿದಂತೆ ದೊಡ್ಡದಾಗುತ್ತದೆ. ಎಲ್ಲ ಕಂಪನಿಗೂ ಒಂದೇ ಅಳತೆ ಎಂಬುದಿಲ್ಲ. ಒಬ್ಬರ 4 ನಂಬರನ್ನೂ ಇನ್ನೊಬ್ಬರ 4 ನಂಬರನ್ನೂ ಪಕ್ಕಪಕ್ಕ ಇಟ್ಟರೆ ಬಾಯಿಯ ಅಗಲದಲ್ಲೇ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಹಳೆಯ ಗಾಳವನ್ನು ಜೊತೆಗಿಟ್ಟುಕೊಂಡು ಹೋಲಿಸಿಯೇ ಕೊಳ್ಳಿ. ಇನ್ನು ಪ್ಯಾಕೆಟ್ ಮೇಲಿನ 2ಎಕ್ಸ್, 3ಎಕ್ಸ್ ಎಂಬುದು ತಂತಿಯ ದಪ್ಪದ ಲೆಕ್ಕ. 2ಎಕ್ಸ್ ಸ್ಟ್ರಾಂಗ್ ಎಂದರೆ ಎರಡು ಅಳತೆ ದೊಡ್ಡ ಗಾಳಕ್ಕೆ ಬಳಸುವ ತಂತಿಯಲ್ಲಿ ಮಾಡಿದ್ದು. ಓನರ್‌ನವರ ಎಸ್‌ಟಿ-41 2ಎಕ್ಸ್, ಎಸ್‌ಟಿ-56 3ಎಕ್ಸ್, ಎಸ್‌ಟಿ-66 4ಎಕ್ಸ್. ಕೊನೆಯ ಎರಡು ಸಮುದ್ರದ ಮೀನಿಗೆ ಸರಿ. ನಮ್ಮ ಕೆರೆಯ ಲೂರ್‌ಗೆ ಅವು ವಿಪರೀತ ಭಾರ, ಮೇಲಾಗಿ ದಪ್ಪ ತಂತಿ ಮೂಳೆಗೆ ಇಳಿಯಲು ಬಲವಾದ ಎಳೆತ ಬೇಡುತ್ತದೆ. ಕೊರವನಿಗೆ 2ಎಕ್ಸ್ ಸಾಕು. ಜಿಲೇಬಿಗೋ ಸಣ್ಣ ಬಾಳೆಗೋ ಎಸೆಯುವ 7 ಸೆಂಟಿಮೀಟರ್ ಲೂರ್‌ಗೆ ಸಾಧಾರಣ ತಂತಿಯೇ ಒಳ್ಳೆಯದು.

ಈಗ ತೂಕಕ್ಕೆ ಬರೋಣ. ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕಾದ್ದು. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಚಿನ್ನ ಬೆಳ್ಳಿ ತೂಗುವಂಥದ್ದು, ಒಂದಿರಲಿ. 6 ನಂಬರಿನ ಗಾಳ ಮುಕ್ಕಾಲು ಗ್ರಾಂ ಆಸುಪಾಸು, 4 ನಂಬರಿನದು ಒಂದು ಗ್ರಾಂ ಆಸುಪಾಸು ತೂಗುತ್ತದೆ. ದಪ್ಪ ತಂತಿಯದಾದರೆ ಇನ್ನೂ ಮೇಲೆ. ಎರಡು ಗಾಳದ ಲೂರ್‌ನಲ್ಲಿ 6 ತೆಗೆದು 4 ಹಾಕಿದರೆ ಸುಮಾರು ಅರ್ಧ ಗ್ರಾಂ ಭಾರ ಸೇರಿತು. ಅರ್ಧ ಗ್ರಾಂ ತಾನೇ ಅನಿಸಬಹುದು. ನೀರಿನ ಮಧ್ಯೆ ನಿಲ್ಲುವ ಸಸ್ಪೆಂಡಿಂಗ್ ಲೂರ್‌ಗೆ ಅದು ಬಹಳವಾಯಿತು. ಒಂದು ಲೆಕ್ಕ ಹಾಕಿ: ನೀರಿನ ಬಿಸಿ 20 ಡಿಗ್ರಿಯಿಂದ 30ಕ್ಕೆ ಏರಿದರೆ ನೀರು ಸುಮಾರು ಕಾಲು ಶೇಕಡಾ ಹಗುರಾಗುತ್ತದೆ. 14 ಗ್ರಾಂ ಲೂರ್‌ಗೆ ಅದರಿಂದ ಆಗುವ ವ್ಯತ್ಯಾಸ ಬರೀ 0.035 ಗ್ರಾಂ. ಅಷ್ಟಕ್ಕೇ ಚಳಿಗಾಲದಲ್ಲಿ ಸರಿಯಾಗಿ ನಿಲ್ಲುತ್ತಿದ್ದ ಲೂರ್ ಏಪ್ರಿಲ್‌ನಲ್ಲಿ ನಿಧಾನವಾಗಿ ಮುಳುಗತೊಡಗುತ್ತದೆ. ಗಾಳ ಬದಲಿಸಿ ನೀವು ಸೇರಿಸಿದ್ದು ಅದರ ಸುಮಾರು ಹದಿನಾಲ್ಕು ಪಟ್ಟು.

ಹಾಗಾಗಿ ಕ್ರಮ ಇದು. ಹಳೆಯ ಗಾಳ ಮತ್ತು ಸ್ಪ್ಲಿಟ್ ರಿಂಗ್ (ಗಾಳವನ್ನು ಲೂರ್‌ಗೆ ಸೇರಿಸುವ ಎರಡು ಸುತ್ತಿನ ಉಂಗುರ) ಎರಡನ್ನೂ ಸೇರಿಸಿ ತೂಗಿ ಬರೆದಿಡಿ, ಮುಂದಿನದು ಹಿಂದಿನದು ಬೇರೆ ಬೇರೆ. ಹೊಸ ಜೊತೆ ಅದಕ್ಕಿಂತ 0.1 ಗ್ರಾಂ ಒಳಗೆ ಇರಲಿ. ದಪ್ಪ ತಂತಿ ಬೇಕೇ ಬೇಕೆಂದರೆ ಶ್ಯಾಂಕ್ (ಗಾಳದ ಕಣ್ಣಿನಿಂದ ಬಾಗಿನವರೆಗಿನ ನೇರ ಭಾಗ) ಗಿಡ್ಡವಾಗಿರುವುದನ್ನು ಆರಿಸಿ, ಅಲ್ಲಿ ಉಳಿದ ತೂಕ ಇಲ್ಲಿ ಸರಿಹೋಗುತ್ತದೆ. ಆಮೇಲೆ ಕೆರೆಯ ನೀರನ್ನೇ ಬಕೆಟ್ಟಿನಲ್ಲಿ ತುಂಬಿ, ಲೂರ್‌ಗೆ ನೀವು ಕಟ್ಟುವ ಲೀಡರ್ (ದಾರದ ತುದಿಗೆ ಸೇರಿಸುವ ಬೇರೆ ದಾರ) ತುಂಡು ಮತ್ತು ಸ್ನ್ಯಾಪ್ (ಲೂರ್ ಸಿಕ್ಕಿಸುವ ಕೊಕ್ಕೆ) ಸಮೇತ ಬಿಟ್ಟು ನೋಡಿ. ಮನೆಯ ನಲ್ಲಿಯ ತಣ್ಣೀರಲ್ಲಿ ಮಾಡಿದ ಪರೀಕ್ಷೆ ಬೇಸಿಗೆಯ ಕೆರೆಗೆ ಹೊಂದುವುದಿಲ್ಲ. ಮೂತಿ ಕೆಳಗಾಗಿ ತುಸು ವಾಲಿ ನಿಂತರೆ ಸರಿ. ಬಾಲ ಕೆಳಗಾದರೆ ಹಿಂದಿನ ಗಾಳ ಭಾರವಾಗಿದೆ ಎಂದರ್ಥ. ಹಾಗಿದ್ದಾಗ ಹಿಂದೆ ಒಂದು ಅಳತೆ ಚಿಕ್ಕದು ಹಾಕಿ, ಮುಂದಿನದು ಹಾಗೇ ಇರಲಿ.

ತೇಲುವ ಲೂರ್‌ಗೆ ಇಷ್ಟು ಕಟ್ಟುನಿಟ್ಟು ಬೇಡ. ನೀರ ಮೇಲೆ ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ ಬರುವ ಲೂರ್‌ಗಳಲ್ಲಿ ಹಿಂದಿನ ಗಾಳ ತುಸು ಭಾರವಾದರೂ ಅಡ್ಡಿಯಿಲ್ಲ, ಬಾಲ ಸ್ವಲ್ಪ ಮುಳುಗಿ ಮೀನಿಗೆ ಕಚ್ಚಲು ಸಿಗುತ್ತದೆ. ಮುಳುಗುವ ಲಿಪ್‌ಲೆಸ್ (ಮೂತಿಯಲ್ಲಿ ತುಟಿಯಂಥ ಹಲಗೆ ಇಲ್ಲದ) ಲೂರ್‌ಗಳಲ್ಲಂತೂ ಒಂದು ಅಳತೆ ದೊಡ್ಡದು ಹಾಕುವುದೇ ನಮ್ಮ ಆಯ್ಕೆ. ಅದರ ಮೈ ಭಾರ, ಮೀನು ನೀರಿಂದ ಮೇಲೆದ್ದು ತಲೆ ಒದರಿದಾಗ ಆ ಭಾರವೇ ಸನ್ನೆಯಂತೆ ಕೆಲಸ ಮಾಡಿ ಸಣ್ಣ ಗಾಳವನ್ನು ಕಿತ್ತು ಎಸೆಯುತ್ತದೆ.

ದೊಡ್ಡದು ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ. ಮುಂದಿನ ಗಾಳವನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಎಳೆದು ಹಿಡಿದರೆ ಒಂದಕ್ಕೊಂದು ಮುಟ್ಟಬಾರದು. ಮುಟ್ಟಿದರೆ ಎಸೆಯುವಾಗ ಗಾಳಿಯಲ್ಲೇ ಗಂಟುಬೀಳುತ್ತವೆ. ಮುಂದಿನದು ಲೂರ್‌ನ ತುಟಿಗೆ ಸಿಕ್ಕಿಕೊಳ್ಳಬಾರದು, ಬೆನ್ನಿನ ಮೇಲಕ್ಕೆ ಹತ್ತಿ ಕೂರುವಷ್ಟು ಅಗಲವೂ ಇರಬಾರದು. ಇಷ್ಟಕ್ಕೂ ಹೊಂದಿಕೊಂಡು ಬಾಯಿ ಅಗಲವಾಗಿರಬೇಕೆಂದರೆ ಗಿಡ್ಡ ಶ್ಯಾಂಕಿನ ಗಾಳವೇ ದಾರಿ. ಟ್ರಿಪಲ್ ಗ್ರಿಪ್ ನಮ್ಮ ಡಬ್ಬಿಯಲ್ಲಿ ಉಳಿದುಕೊಂಡದ್ದು ಈ ಕಾರಣಕ್ಕೆ.

ಬಾಗಿನ ಆಕಾರದ ವಿಷಯದಲ್ಲಿ ನಮ್ಮ ಒಲವು ಸ್ಪಷ್ಟ. ದುಂಡು ಬಾಗಿನ ರೌಂಡ್ ಬೆಂಡ್ ಬೇಗ ಚುಚ್ಚುತ್ತದೆ, ಬೇಗ ಬಿಡಿಸಲೂ ಬರುತ್ತದೆ. ಮೊನೆ ಒಳಕ್ಕೆ ತಿರುಗಿರುವ ಆಕಾರದ್ದು ಒಮ್ಮೆ ಇಳಿದರೆ ಬಿಡುವುದಿಲ್ಲ, ಆದರೆ ಬಿಡಿಸುವಾಗ ಮೀನಿಗೂ ಕೈಗೂ ಕಷ್ಟ. ಲೂರ್ ತನ್ನಷ್ಟಕ್ಕೆ ಓಡುತ್ತಿರುವಾಗ ಮೀನು ಬಂದು ಕಚ್ಚಿಕೊಳ್ಳುವ ಕ್ರ್ಯಾಂಕ್‌ಬೇಟ್ ಲೂರ್‌ಗೆ ಒಳಮೊನೆಯದು ಹಾಕುತ್ತೇವೆ. ಎಳೆದು ನಿಲ್ಲಿಸಿ ಎಳೆಯುವ ಜರ್ಕ್‌ಬೇಟ್ ಲೂರ್‌ನಲ್ಲಿ ಮೀನು ಬರೀ ಮೂತಿಯಿಂದ ತಿವಿಯುವುದುಂಟು. ಅಲ್ಲಿ ಸೋಕಿದ ಕೂಡಲೇ ಚುಚ್ಚುವ ದುಂಡು ಬಾಗೇ ಬೇಕು.

ಸ್ಪ್ಲಿಟ್ ರಿಂಗನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2ಎಕ್ಸ್ ಗಾಳದ ಕಣ್ಣಿನ ತಂತಿಯೂ ದಪ್ಪ. ಅದನ್ನು ಸಣ್ಣ ರಿಂಗಿಗೆ ಬಲವಂತವಾಗಿ ತುರುಕಿದರೆ ರಿಂಗಿನ ಎರಡು ಸುತ್ತು ಬೇರೆಯಾಗಿ ಮತ್ತೆ ಕೂಡುವುದೇ ಇಲ್ಲ. ಆ ಸಂದಿನಲ್ಲಿ ಗಾಳವೋ ದಾರವೋ ಜಾರಿ ಹೊರಬರುತ್ತದೆ. ಉಗುರಿನಲ್ಲಿ ರಿಂಗ್ ಬಿಡಿಸುವ ಅಭ್ಯಾಸ ಬಿಡಿ. ತುದಿಯಲ್ಲಿ ಸಣ್ಣ ಹಲ್ಲಿರುವ ಸ್ಪ್ಲಿಟ್ ರಿಂಗ್ ಪ್ಲೈಯರ್ ಕೊಳ್ಳಿ, ಬೇಕಾದಷ್ಟೇ ತೆರೆಯುತ್ತದೆ. ಹೊಸ ಗಾಳವನ್ನು ಹಳೆಯದರ ಬಾಲಕ್ಕೆ ಸೇರಿಸಿ ತಳ್ಳುತ್ತ ಹೋದರೆ ಹೊಸದು ಒಳಹೋಗುವಾಗಲೇ ಹಳೆಯದು ಹೊರಬರುತ್ತದೆ, ರಿಂಗ್ ಒಂದೇ ಸಲ ತೆರೆದರೆ ಸಾಕು. ಹಾಕಿದ ಮೇಲೆ ಹೊಟ್ಟೆಯ ಗಾಳವನ್ನು ಹಿಂದಕ್ಕೆ ಮಡಿಸಿ ನೋಡಿ: ಎರಡು ಮೊನೆ ಲೂರ್‌ನ ಮೈಯನ್ನು ಎರಡು ಬದಿಯಿಂದ ತಬ್ಬಿಕೊಂಡು ಮೂರನೆಯದು ಕೆಳಗೆ ನೋಡುತ್ತಿರಬೇಕು. ತಿರುಗಾಮುರುಗಾ ಇದ್ದರೆ ಬಿಚ್ಚಿ ತಿರುಗಿಸಿ ಹಾಕಿ.

ಬಾಳಿಕೆ: ನಾಲೆಯಲ್ಲಿ ಗಾಳವನ್ನು ತಿನ್ನುವುದು ತುಕ್ಕಿಗಿಂತ ಹೆಚ್ಚಾಗಿ ಕಲ್ಲು. ವಿ.ಸಿ. ನಾಲೆಯ ಇಕ್ಕೆಲದ ಕಲ್ಲುಕಟ್ಟಡಕ್ಕೆ ನಾಲ್ಕು ಸಲ ಉಜ್ಜಿದರೆ ಮೊನೆಯ ತುದಿ ಸುರುಳಿಯಾಗುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳ ಉಗುರಿನ ಮೇಲೆ ಮೊನೆಯನ್ನು ಓರೆಯಾಗಿಟ್ಟು ಮೆಲ್ಲಗೆ ಎಳೆಯಿರಿ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ಅರದಿಂದ ಉಜ್ಜಿ ಚೂಪು ಮಾಡಬಹುದು, ಆದರೆ ಮೇಲಿನ ಲೇಪನ ಹೋಗಿ ವಾರದಲ್ಲೇ ಅಲ್ಲಿ ಕೆಂಪು ಹಿಡಿಯುತ್ತದೆ. ಅದು ಅಂದಿನ ದಿನದ ಮಟ್ಟಿಗಿನ ಉಪಾಯ, ಮನೆಗೆ ಬಂದ ಮೇಲೆ ಬದಲಿಸಿಬಿಡಿ. ಒದ್ದೆ ಲೂರನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಒಂದರ ತುಕ್ಕು ಪಕ್ಕದ ಹತ್ತಕ್ಕೆ ಕಲೆ ಕಟ್ಟುತ್ತದೆ. ರಾತ್ರಿಯೆಲ್ಲ ಮುಚ್ಚಳ ತೆರೆದಿಟ್ಟರೆ ಸಾಕು.

ಡ್ರ್ಯಾಗ್ (ಮೀನು ಎಳೆದಾಗ ರೀಲಿನಿಂದ ದಾರ ಬಿಡುವ ಬಿಗಿ) ಎಷ್ಟಿಡಬೇಕು ಎಂಬುದಕ್ಕೂ ಗಾಳವೇ ಉತ್ತರ ಹೇಳಬೇಕು. ಹಳೆಯ ಗಾಳವೊಂದರ ಒಂದೇ ಮೊನೆಗೆ ಗಟ್ಟಿ ದಾರದ ಕುಣಿಕೆ ಹಾಕಿ, ಲಗೇಜ್ ತೂಗುವ ತೂಗುತಕ್ಕಡಿಯಿಂದ ಎಳೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಬಾಗು ಬಿಚ್ಚತೊಡಗುವ ಕಿಲೋ ಎಷ್ಟೋ ಅದರ ಅರ್ಧಕ್ಕೆ ಡ್ರ್ಯಾಗ್ ಇಡಿ. ಮೀನು ಮೂರೂ ಮೊನೆಗೆ ಸಿಕ್ಕುವುದು ಅಪರೂಪ, ಸಾಮಾನ್ಯವಾಗಿ ಭಾರ ಹೊರುವುದು ಒಂದೇ ಮೊನೆ.

ಟ್ರೆಬಲ್ ಎಲ್ಲ ಕೆರೆಗೂ ಅಲ್ಲ ಎಂಬುದನ್ನೂ ಹೇಳಬೇಕು. ತಾವರೆ, ಅಂತರಗಂಗೆ, ಜೊಂಡು ತುಂಬಿದ ಕಡೆ ಅದು ಪ್ರತಿ ಎಸೆತಕ್ಕೂ ಸೊಪ್ಪು ಹೊತ್ತು ತರುತ್ತದೆ. ಅಲ್ಲಿಗೆ ಮೊನೆ ಮೈಗೆ ಒತ್ತಿಕೊಂಡಿರುವ ಕಪ್ಪೆ ಲೂರೇ ಸರಿ. ಅಲ್ಲಲ್ಲಿ ಸೊಪ್ಪಿದ್ದು ನಡುವೆ ನೀರು ಕಾಣುವಂತಿದ್ದರೆ ಟ್ರೆಬಲ್ ತೆಗೆದು ಇನ್‌ಲೈನ್ ಒಂಟಿ ಗಾಳ ಹಾಕಿ. ಕಣ್ಣು ಅಡ್ಡಕ್ಕಿರುವ ಮಾಮೂಲಿ ಒಂಟಿ ಗಾಳ ಬೇಡ, ಪಕ್ಕಕ್ಕೆ ವಾಲಿ ಲೂರ್ ಓರೆ ಓಡುತ್ತದೆ. ಅಳತೆಯನ್ನು ನಂಬರ್ ನೋಡಿ ಆರಿಸಬೇಡಿ, ತಕ್ಕಡಿಯಲ್ಲಿ ಟ್ರೆಬಲ್ ತೂಕಕ್ಕೆ ಹತ್ತಿರ ಬರುವುದನ್ನು ಆರಿಸಿ.

ಹಿಮ್ಮುಳ್ಳು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಯೇ ಬಳಸುತ್ತೇವೆ, ನೀವೂ ಮಾಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದು ಹೆಚ್ಚೇನಿಲ್ಲ. ಬಿಡಬೇಕಾದ ಮೀನು ನಿಮಿಷದೊಳಗೆ ನೀರಿಗೆ ಹೋಗುತ್ತದೆ. ಮರಿಗಳ ಗುಂಪನ್ನು ಕಾಯುತ್ತಿರುವ ಕೊರವ ಹತ್ತಿರ ಬಂದ ಏನನ್ನಾದರೂ ಕಚ್ಚುತ್ತದೆ, ಅದಕ್ಕೆ ಗಾಳ ಎಸೆಯಲೇಬೇಡಿ. ತಾಯಿ ತಂದೆ ಹೋದರೆ ಮರಿಗಳು ಬೇರೆ ಮೀನಿನ ಪಾಲು. ಕಾವೇರಿಯ ದೊಡ್ಡ ಬಿಳಿ ಮೀನು, ಅಂದರೆ ಗೂನು ಬೆನ್ನಿನ ಮಹಶೀರ್, ಅಳಿವಿನ ಅಂಚಿನಲ್ಲಿದೆ. ಅದಿರುವ ನೀರಿಗೆ ಟ್ರೆಬಲ್ ಒಯ್ಯಬೇಡಿ. ರಂಗನತಿಟ್ಟು ಪಕ್ಷಿಧಾಮ, ಅಲ್ಲಿ ಮೀನು ಹಿಡಿಯುವಂತೆಯೇ ಇಲ್ಲ. ಉಳಿದ ಕೆರೆಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಯಿರಿ.

ಕೈಗೆ ಚುಚ್ಚಿಕೊಂಡರೆ ಮೊದಲು ಸ್ಪ್ಲಿಟ್ ರಿಂಗ್ ಕತ್ತರಿಸಿ ಲೂರನ್ನು ಬೇರೆ ಮಾಡಿ, ಇಲ್ಲದಿದ್ದರೆ ಅದರ ತೂಗಾಟಕ್ಕೆ ಮೊನೆ ಇನ್ನೂ ಆಳಕ್ಕೆ ಇಳಿಯುತ್ತದೆ. ಆಮೇಲೆ ಹೊರಗಿರುವ ಮೊನೆಗಳನ್ನು ಕಟಿಂಗ್ ಪ್ಲೈಯರಿನಲ್ಲಿ ಕತ್ತರಿಸಿ. ಹಿಮ್ಮುಳ್ಳು ಒತ್ತಿದ್ದರೆ ಹೋದ ದಾರಿಯಲ್ಲೇ ಹೊರಬರುತ್ತದೆ. ಒತ್ತಿಲ್ಲದಿದ್ದರೆ, ಕಣ್ಣಿನ ಬಳಿಯೋ ಗೆಣ್ಣಿನಲ್ಲೋ ಚುಚ್ಚಿದ್ದರೆ, ಎಳೆಯದೆ ಆಸ್ಪತ್ರೆಗೆ ಹೋಗಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಅಲ್ಲೇ ಕೇಳಿ.

ಸೊಪ್ಪಿಗೋ ಮರದ ಬೇರಿಗೋ ಸಿಕ್ಕಿಕೊಂಡ ಲೂರನ್ನು ದಾರ ಕಿತ್ತು ಬಿಟ್ಟು ಬರುವುದು ನಮಗೆ ತೀರಾ ಬೇಸರದ ಸಂಗತಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು ಮೀನಿಗೆ ಬರುವುದು ಸುತ್ತಮುತ್ತಲಿನ ಇಂಥ ಕೆರೆಗಳಿಗೇ. ನೇತಾಡುವ ಟ್ರೆಬಲ್ ಒಂದು ಹಕ್ಕಿಯ ಕೊಕ್ಕಿನ ಚೀಲಕ್ಕೋ ಕಾಲಿಗೋ ಸಿಕ್ಕರೆ ಅದು ತಾನಾಗಿ ಬಿಡಿಸಿಕೊಳ್ಳಲಾರದು. ಲೂರ್‌ನ ಗಾಳಕ್ಕಿಂತ ದಾರ ಗಟ್ಟಿಯಿದ್ದರೆ ಕೈಗೆ ಬಟ್ಟೆ ಸುತ್ತಿ ನೇರವಾಗಿ, ನಿಧಾನವಾಗಿ ಎಳೆದಾಗ ಗಾಳದ ಬಾಗೇ ಬಿಚ್ಚಿ ಲೂರ್ ವಾಪಸು ಬರುತ್ತದೆ. ಅದಕ್ಕೇ 40 ಪೌಂಡಿನ ಬ್ರೇಡ್, 6 ನಂಬರಿನ ಸಾಧಾರಣ ತಂತಿಯ ಗಾಳ, ಈ ಜೋಡಿ ಬೇರು ತುಂಬಿದ ಶಿಂಷಾ ದಡಗಳಿಗೆ. 2ಎಕ್ಸ್ ಅನ್ನು ತೆರೆದ ನೀರಿಗೆ ಇಟ್ಟುಕೊಂಡಿದ್ದೇವೆ.