ಅಡುಗೆಮನೆಗೆ 6 ಆಂಪಿಯರ್ ಸಾಕೆಟ್ಟೋ, 16 ಆಂಪಿಯರ್ ಸಾಕೆಟ್ಟೋ?

ಹುಬ್ಬಳ್ಳಿ–ಧಾರವಾಡದಲ್ಲಿ ಮನೆ ಕಟ್ಟಿಸುತ್ತಿರುವವರು ಗೋಡೆಯಲ್ಲಿ ವೈರಿಂಗ್ ಪೈಪ್ ಹೂಳುವ ಮೊದಲೇ ಇದನ್ನು ತೀರ್ಮಾನಿಸಬೇಕು.

6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಸುಮಾರು 1,380 ವ್ಯಾಟ್ ತಾಳುತ್ತದೆ. ಶೇಂಗಾ ಹಿಂಡಿ ಕುಟ್ಟುವ 750 ವ್ಯಾಟ್ ಮಿಕ್ಸರ್‌ಗೆ ಅದು ಧಾರಾಳ. 2,000 ವ್ಯಾಟ್ ಇಂಡಕ್ಷನ್ ಒಲೆಗೆ ಖಂಡಿತ ಸಲ್ಲದು. ಅಡಾಪ್ಟರ್ ಸಿಕ್ಕಿಸಿ ನಡೆಸಿದರೆ ತಂತಿ ಕಾಯುತ್ತದೆ, ಸಾಕೆಟ್ ಕರಗಬಹುದು.

16 ಆಂಪಿಯರ್ ಸಾಕೆಟ್ 3,680 ವ್ಯಾಟ್‌ವರೆಗೆ ತಾಳುತ್ತದೆ. ಆದರೆ ದೊಡ್ಡ ಸಾಕೆಟ್ ಕೂರಿಸಿದ ಮಾತ್ರಕ್ಕೆ ಆಗಲಿಲ್ಲ: ಎಂಸಿಬಿ (ಹೊರೆ ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಪೆಟ್ಟಿಗೆಯಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿ. ಖರ್ಚು ಹೆಚ್ಚು, ನಿಜ. ಆದರೂ ಅಡುಗೆ ಕಟ್ಟೆಯ ಮೇಲೆ ಇಂಥವು ಎರಡಾದರೂ ಇರಲಿ ಎನ್ನುತ್ತೇನೆ.

ಯಾವುದನ್ನೇ ಆರಿಸಿ, ಸಿಂಕ್ ಮತ್ತು ಒಲೆಯಿಂದ ದೂರವಿಡಿ. ಅರ್ತಿಂಗ್ ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸಾಧನ) ಹಾಕಿಸಲೇಬೇಕು.