ಚೆಂಡು ಜಾಸ್ತಿ ಬೇಕಾ, ಹೊಡೆತ ಜಾಸ್ತಿ ಬೇಕಾ?

ಫುಟ್‌ಬಾಲ್ ಆಟಗಾರರು ನಟಿಸಿದ ಸಿನಿಮಾ ಹೇಳಿ, ಮನೆಯಲ್ಲಿ 12ರ ಮಗನೂ ಇದ್ದಾನೆ ಅಂತ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಮೂರಿವೆ: ‘ಎಸ್ಕೇಪ್ ಟು ವಿಕ್ಟರಿ’ (1981), ‘ಲಾಕ್, ಸ್ಟಾಕ್ ಅಂಡ್ ಟೂ ಸ್ಮೋಕಿಂಗ್ ಬ್ಯಾರೆಲ್ಸ್’ (1998), ‘ಲುಕಿಂಗ್ ಫಾರ್ ಎರಿಕ್’ (2009).

ಆಟವೇ ಬೇಕೆಂದರೆ ಮೊದಲನೆಯದು. ಯುದ್ಧಕೈದಿಗಳು ಜರ್ಮನ್ ತಂಡದ ಎದುರು ಆಡುವ ಕಥೆ. ಪೆಲೆಯ ನಟನೆ ಅಷ್ಟಕ್ಕಷ್ಟೇ. ಆದರೆ ಗಾಳಿಯಲ್ಲಿ ತಲೆಕೆಳಗಾಗಿ ಒದ್ದು ಹೊಡೆಯುವ ಆ ಗೋಲು! ಗೋಲ್‌ಕೀಪರ್ ಆಗಿರುವ ಹಾಲಿವುಡ್ ನಟ ಸ್ಟಲೋನ್‌ರನ್ನು ಸುಮ್ನೆ ಸಹಿಸಿಕೊಳ್ಳಿ. ಉಳಿದೆರಡರಲ್ಲಿ ಮೈದಾನ ಹುಡುಕಬೇಡಿ. ಎರಿಕ್‌ನಲ್ಲಿ ಹಳೆಯ ಗೋಲುಗಳ ತುಣುಕುಗಳಿವೆ, ಅಷ್ಟೇ.

ಹಿಂಸೆಯಲ್ಲಿ ಲಾಕ್ ಸ್ಟಾಕ್ ಮುಂದೆ. ಸಾಲ ವಸೂಲಿ ಮಾಡುವವನ ಪಾತ್ರದಲ್ಲಿ ಮಾಜಿ ಫುಟ್‌ಬಾಲಿಗ ವಿನ್ನಿ ಜೋನ್ಸ್, ಒಬ್ಬನ ತಲೆಯನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿ ಮತ್ತೆ ಮತ್ತೆ ಜಡಿಯುತ್ತಾನೆ. ಅದೇ ಮನುಷ್ಯ ಮಗ ಕೆಟ್ಟ ಮಾತಾಡಿದರೆ ಗದರುತ್ತಾನೆ! ನಗು ಬರುತ್ತೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತೆ. ವಿಕ್ಟರಿಯಲ್ಲಿ ರಕ್ತ ಕಮ್ಮಿ. ಆದರೂ ಸ್ಟಲೋನ್‌ಗೆ ಜಾಗ ಮಾಡಿಕೊಡಲು ತಮ್ಮದೇ ಮೊದಲ ಗೋಲ್‌ಕೀಪರ್‌ನ ಕೈಯನ್ನು ಬೇಕಂತಲೇ ಮುರಿಯುವಾಗ ನಾನು ಈಗಲೂ ಕಣ್ಣು ಮುಚ್ಚುತ್ತೇನೆ.

ನಟನೆಗೆ ‘ಲುಕಿಂಗ್ ಫಾರ್ ಎರಿಕ್’ನಲ್ಲಿ ತಾನಾಗಿಯೇ ನಟಿಸಿರುವ ಮಾಜಿ ಫುಟ್‌ಬಾಲಿಗ ಎರಿಕ್ ಕ್ಯಾಂಟೊನಾ. 1995ರಲ್ಲಿ ಪ್ರೇಕ್ಷಕನಿಗೆ ಹಾರಿ ಒದ್ದ ಅದೇ ಆಸಾಮಿ ಇಲ್ಲಿ ಸೋತ ಪೋಸ್ಟ್‌ಮ್ಯಾನ್ ಒಬ್ಬನಿಗೆ ಬುದ್ಧಿ ಹೇಳುತ್ತಾನೆ. ತನ್ನ ಅತ್ಯುತ್ತಮ ಕ್ಷಣ ಗೋಲಲ್ಲ, ಒಂದು ಪಾಸ್ ಅನ್ನುತ್ತಾನೆ. ಬೈಗುಳ ಮಾತ್ರ ಧಾರಾಳ.

ಮಗನ ಜೊತೆ ಕೂರುವುದಾದರೆ ವಿಕ್ಟರಿ ಹಾಕಿ. ಗೆಳೆಯರು ಬಂದ ಶನಿವಾರ ರಾತ್ರಿಗೆ ಲಾಕ್ ಸ್ಟಾಕ್. ಮನಸ್ಸು ಕುಗ್ಗಿ ಒಬ್ಬರೇ ಇದ್ದೀರಾ? ಎರಿಕ್ ನೋಡಿ.